ಕಾಲಿಗೆ ಬಿದ್ದು ಚೆಂಡು ತಂದವನು

ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಕಡೆ ನಲವತ್ತು ವರ್ಷದ ಹಿಂದೆ ಫುಟ್‌ಬಾಲ್ ನೋಡಿದವರು ಯಾರಾದರೂ ಸಿಕ್ಕರೆ ಯಂಕಂಚಿಯ ಮಾನಪ್ಪನ ಹೆಸರು ತೆಗೆದು ನೋಡಿ. ಗೋಲು ಹೊಡೆದವರ ಹೆಸರು ಅವರು ಮರೆತಿರುತ್ತಾರೆ, ಗೋಲು ಕಾಯ್ದ ಮಾನಪ್ಪನನ್ನು ಮರೆತಿರುವುದಿಲ್ಲ. “ಅಂವಾ ಕಂಬದ ನಡುವ ನಿಂದ್ರೋ ಪೈಕಿ ಅಲ್ರಿ. ಹೊರಗ ಬಂದು ಕಾಲಾಗಿನ ಚೆಂಡ ಕಸಗೊಳ್ಳಾವ” ಎನ್ನುತ್ತಾರೆ. ಹಾಗೆಂದವರೇ, “ಮಗಳದು ಹಂಗಾಗಬಾರದಿತ್ತು ನೋಡ್ರಿ” ಎಂದು ಮಾತು ಬೇರೆ ಕಡೆ ತಿರುಗಿಸುತ್ತಾರೆ.

ಮಾನಪ್ಪನ ತಂದೆ ಯಂಕಂಚಿಯ ಗೌಡರ ಹೊಲದಲ್ಲಿ ಆಳಾಗಿದ್ದವನು. ಮಗನಿಗೆ ಓದು ಹತ್ತಲಿ ಎಂದು ಸಿಂದಗಿಯ ಸರ್ಕಾರಿ ಹಾಸ್ಟೆಲಿಗೆ ಸೇರಿಸಿದ. ಆ ಕಾಲದಲ್ಲಿ ಸೋವಿಯತ್ ದೇಶದ ಬಣ್ಣದ ಪತ್ರಿಕೆಗಳು ನಮ್ಮ ಊರುಗಳಿಗೂ ಅಂಚೆಯಲ್ಲಿ ಬರುತ್ತಿದ್ದವು. ಓದುವವರು ಕಡಿಮೆ, ಆದರೆ ದಪ್ಪನೆಯ, ನುಣುಪಾದ ಆ ಹಾಳೆಗಳು ಸಾಲಿ ಪುಸ್ತಕಗಳಿಗೆ ರಟ್ಟು ಹಾಕಲು ಹೇಳಿ ಮಾಡಿಸಿದಂತಿದ್ದವು. ಒಬ್ಬನಿಗೆ ಟ್ರ್ಯಾಕ್ಟರ್ ಸಿಕ್ಕರೆ ಮತ್ತೊಬ್ಬನಿಗೆ ನಗುವ ಹಾಲಿನ ಡೇರಿಯ ಹೆಂಗಸು. ಮಾನಪ್ಪನ ಗಣಿತದ ಪುಸ್ತಕಕ್ಕೆ ಬಂದದ್ದು ಒಬ್ಬ ಗೋಲ್‌ಕೀಪರ್. ಮೈತುಂಬ ಕರಿ ಅಂಗಿ. ನೆಲಕ್ಕೆ ಸಮನಾಗಿ ಗಾಳಿಯಲ್ಲಿ ಚಾಚಿಕೊಂಡಿದ್ದಾನೆ. ಮುಖದ ಎದುರಿಗೇ ಚೆಂಡು, ಚೆಂಡಿನ ಆಚೆ ಎದುರಾಳಿಯ ಬೂಟು. ಅವನ ಕಣ್ಣು ಮಾತ್ರ ಅಗಲವಾಗಿ ತೆರೆದಿದ್ದವು. ಹೆಸರು ಅಚ್ಚಾಗಿದ್ದ ಅಂಚು ರಟ್ಟಿನ ಮಡಿಕೆಯೊಳಗೆ ಹೋಗಿ ಹರಿದಿತ್ತು. ಲೆಕ್ಕ ತಲೆಗೆ ಹೋಗದ ಹೊತ್ತಿನಲ್ಲೆಲ್ಲ ಮಾನಪ್ಪ ಆ ಚಿತ್ರ ನೋಡುತ್ತ ಕೂತಿರುತ್ತಿದ್ದ.

ಸಾಲಿಗೆ ಫುಟ್‌ಬಾಲ್ ತಂದವರು ಸಿದ್ಧರಾಮ ಮಾಸ್ತರು, ಆಟದ ಮಾಸ್ತರು. ಎಲ್ಲ ಹುಡುಗರಿಗೂ ಒದೆಯುವ ಆಸೆ. ಗೋಲಿನಲ್ಲಿ ನಿಲ್ಲಲು ಯಾರೂ ಒಲ್ಲರು. ಕೇರಿಯ ಹುಡುಗ ಇದ್ದಾನಲ್ಲ, ಅವನನ್ನು ನಿಲ್ಲಿಸಿ ಎಂದು ಹಿಂದೆ ದೂಡಿದರು. ದೂಡಿದವರಿಗೆ ಅದು ಹೀನಾಯದ ಜಾಗ. ಮಾನಪ್ಪನಿಗೆ ತನ್ನ ಪುಸ್ತಕದ ಮೇಲಿನ ಜಾಗ. ಅಂಗಿಯೊಂದನ್ನು ಕರಿ ಬಣ್ಣದಲ್ಲಿ ಅದ್ದಿಸಿಕೊಂಡು ಬಂದು ನಿಂತ.

ಅವನ ಆಟ ಹೇಗಿತ್ತು ಎಂದು ಹೇಳಲೇಬೇಕು. ಆಗಿನ ಗೋಲ್‌ಕೀಪರುಗಳು ಗೆರೆ ಬಿಟ್ಟು ಕದಲುತ್ತಿರಲಿಲ್ಲ. ಬಂದದ್ದನ್ನು ಹಿಡಿದರು, ಹಿಡಿದದ್ದನ್ನು ಆಕಾಶಕ್ಕೆ ಒದ್ದರು, ಅಲ್ಲಿಗೆ ಕೆಲಸ ಮುಗಿಯಿತು. ಮಾನಪ್ಪ ಮುಂದೆ ಬಂದು ನಿಲ್ಲುತ್ತಿದ್ದ. ಬದಿಯಿಂದ ತೇಲಿ ಬರುವ ಚೆಂಡನ್ನು ಹಿಡಿಯಲಾಗದು ಅನಿಸಿದರೆ ಮುಷ್ಟಿಯಿಂದ ಗುದ್ದಿ ದೂರ ಕಳಿಸುತ್ತಿದ್ದ. ಹಿಡಿದರೆ ಒದೆಯದೆ, ಕವಣೆ ಬೀಸಿದ ಹಾಗೆ ಒಂದೇ ಕೈಯಲ್ಲಿ ನಡುಗೆರೆಯತನಕ ಎಸೆದುಬಿಡುತ್ತಿದ್ದ. ಎದುರಾಳಿಗಳು ಹಿಂದಿರುಗಿ ನೋಡುವುದರೊಳಗೆ ಚೆಂಡು ಇವರ ಹುಡುಗನ ಕಾಲಲ್ಲಿರುತ್ತಿತ್ತು. ಆಟ ಮುಗಿಯುವವರೆಗೆ ಅವನ ಬಾಯಿ ನಿಲ್ಲುತ್ತಿರಲಿಲ್ಲ: ಎಡಕ್ಕ ಸರಿ, ಅವನ ಬಿಡಬ್ಯಾಡ, ನಾ ಬಂದೆ, ಬಿಡು! ಎಲ್ಲಕ್ಕಿಂತ ಹೆಚ್ಚಾಗಿ ಜನ ನೋಡಲು ಬರುತ್ತಿದ್ದದ್ದು ಅವನು ಕಾಲಿಗೆ ಬೀಳುವುದನ್ನು. ಎದುರಾಳಿ ಒಬ್ಬನೇ ಚೆಂಡಿನೊಂದಿಗೆ ನುಗ್ಗಿ ಬಂದರೆ ಮಾನಪ್ಪ ಗೆರೆ ಬಿಟ್ಟು ಓಡಿಹೋಗಿ, ಮುಖ ಮುಂದು ಮಾಡಿ, ಅವನ ಬೂಟಿಗೇ ಎಗರಿ ಬೀಳುತ್ತಿದ್ದ. ಧೂಳು ಇಳಿದ ಮೇಲೆ ನೋಡಿದರೆ ಚೆಂಡು ಎದೆಗೆ ಅವುಚಿಕೊಂಡು ಮಲಗಿರುತ್ತಿದ್ದ.

ಒಮ್ಮೆ ಬಾಗೇವಾಡಿಯ ಆಟಕ್ಕೆ ಅವನ ತಂದೆ ಬಂದಿದ್ದ. ಆಟ ಮುಗಿದ ಮೇಲೆ ಮಗನ ಮೊಣಕೈಗೆ ಹತ್ತಿದ ಮಣ್ಣು ಒರೆಸುತ್ತ, “ನಾ ಗೌಡರ ಕಾಲಿಗೆ ಬಿದ್ದು ಬಿದ್ದು ಸಾಕಾಗಿ ನಿನ್ನ ಸಾಲಿಗಿ ಹಾಕೀನಿ. ನೀ ಇಲ್ಲಿ ಬಂದು ಊರ ಮಂದಿ ಕಾಲಿಗೆಲ್ಲಾ ಬೀಳಾಕತ್ತೀಯಲ್ಲೋ ತಮ್ಮಾ” ಎಂದ.

“ಬೀಳ್ತೇನಿ ಖರೆ. ಆದ್ರ ಎದ್ದಾಗ ಚೆಂಡು ನನ್ನ ಕೈಯಾಗ ಇರತೈತಿ ಎಪ್ಪಾ” ಎಂದ ಮಾನಪ್ಪ.

ತಂದೆ ಅಂದು ನಕ್ಕಿದ್ದು ಮಾನಪ್ಪನಿಗೆ ಬಹಳ ದಿನ ಉಳಿಯಿತು. ಆಟದಲ್ಲಿ ಅವನಿಗೆ ಬೇಕಾಗಿದ್ದದ್ದು ಗೆಲುವಿಗಿಂತ ಆ ಒಂದು ಗಳಿಗೆ. ಮೇಲೆ ನಿಂತವನ ಕಾಲಲ್ಲಿ ಏನೂ ಉಳಿದಿರುವುದಿಲ್ಲ, ಬಿದ್ದವನ ಕೈಯಲ್ಲಿ ಎಲ್ಲ ಇರುತ್ತದೆ.

ಆಟದ ಮೇಲೆಯೇ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರಿ ಸಿಕ್ಕಿತು. ಹತ್ತು ವರ್ಷ ರೈಲ್ವೆ ತಂಡದ ಗೋಲು ಕಾಯ್ದ. ಸೊಲ್ಲಾಪುರ, ಸಿಕಂದರಾಬಾದು, ಗುಂತಕಲ್ಲು ಎಂದು ಊರೂರು ತಿರುಗಿದ. ರಾಜ್ಯ ತಂಡದ ಶಿಬಿರಕ್ಕೂ ಎರಡು ಸಲ ಕರೆ ಬಂತು. ಎರಡೂ ಸಲ, “ಧೈರ್ಯ ಐತಿ, ಪಾಠ ಇಲ್ಲ” ಎಂದು ಹೇಳಿ ಅವನನ್ನು ಹೊರಗೆ ಕೂರಿಸಿದರು. ಪುಸ್ತಕದ ರಟ್ಟಿನ ಚಿತ್ರದ ಸಂಗತಿ ಕೇಳಿ ಹುಬ್ಬಳ್ಳಿಯ ಕಚೇರಿಯಲ್ಲಿದ್ದ ಒಬ್ಬ ಬಂಗಾಳಿ ಗುಮಾಸ್ತ ಆ ಸೋವಿಯತ್ ಗೋಲ್‌ಕೀಪರನ ಹೆಸರು ಹೇಳಿ, ಜಗತ್ತೇ ಅವನನ್ನು ಕೊಂಡಾಡಿದ್ದನ್ನು ವರ್ಣಿಸಿದ. ಮಾನಪ್ಪನಿಗೆ ಹೆಸರು ನಾಲಿಗೆಗೆ ಹತ್ತಲಿಲ್ಲ. ಅವನ ಪಾಲಿಗೆ ಆ ಗೋಲ್‌ಕೀಪರ್ ಕೊನೆಯವರೆಗೂ ಕರಿ ಅಂಗಿಯವನೇ. ಅಷ್ಟರಲ್ಲಿ ಮಾನಪ್ಪನ ಮೂಗಿನ ಎಲುಬು ಮುರಿದಿತ್ತು, ಮುಂದಿನ ಹಲ್ಲು ಹೋಗಿದ್ದವು, ಹುಬ್ಬಿನ ಮೇಲೆ ಹೊಲಿಗೆಯ ಗುರುತಿತ್ತು. ಅವನ್ನೆಲ್ಲ ಅವನು ಪದಕಗಳ ಹಾಗೆ ತೋರಿಸುತ್ತಿದ್ದ. ಕೊನೆಗೆ ಹೆಗಲು ಕೈಕೊಟ್ಟಿತು. ಆಟ ನಿಂತಿತು. ಬೇಡಿಕೊಂಡು ಇಂಡಿ ರೋಡ್ ಸ್ಟೇಷನ್ನಿಗೆ ವರ್ಗ ಮಾಡಿಸಿಕೊಂಡು ಬಂದು ಇಂಡಿಯಲ್ಲಿ ಮನೆ ಮಾಡಿದ.

ಹೆಂಡತಿ ಮರೆವ್ವ ಸಾಲಿಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗದೆ, ಆಸೆ ಬಿಟ್ಟ ಮೇಲೆ ಹುಟ್ಟಿದವಳು ಸಾಕ್ಷಿ. ಉದ್ದ ಕೈಯ ಹುಡುಗಿ. ಮೂರನೇ ಇಯತ್ತೆಯಲ್ಲಿದ್ದಾಗಲೇ ಮಾನಪ್ಪ ಒಗೆದ ಚೆಂಡನ್ನು ಗೋಡೆಗೆ ಬಡಿಯಗೊಡದೆ ಹಿಡಿಯುತ್ತಿದ್ದಳು. ಮಾನಪ್ಪನ ಒಳಗೆ ಆರಿದ್ದ ಒಲೆ ಮತ್ತೆ ಹೊತ್ತಿಕೊಂಡಿತು. ಬೆಳಿಗ್ಗೆ ಡ್ಯೂಟಿ ಇದ್ದರೆ ಸಂಜೆ, ಸಂಜೆ ಇದ್ದರೆ ಬೆಳಿಗ್ಗೆ, ಕಾಲೇಜು ಮೈದಾನಕ್ಕೆ ಕರೆದೊಯ್ಯುತ್ತಿದ್ದ. ಅವಳನ್ನು ನೋಡಿ ಮತ್ತಷ್ಟು ಹುಡುಗಿಯರು ಬಂದರು. ಇಂಡಿಯಲ್ಲಿ ಹುಡುಗಿಯರ ಒಂದು ತಂಡವೇ ಆಯಿತು.

ಸಾಕ್ಷಿಗೆ ಒಂದು ಅಭ್ಯಾಸವಿತ್ತು. ಕಾಲಿಗೆ ಬೀಳುವಾಗ ಕೊನೆಯ ಗಳಿಗೆಯಲ್ಲಿ ಕಣ್ಣು ಮುಚ್ಚಿ ಮುಖ ಪಕ್ಕಕ್ಕೆ ಹೊರಳಿಸುತ್ತಿದ್ದಳು. ಅದು ಯಾರಿಗಾದರೂ ಆಗುವಂಥದ್ದು. ಮಾನಪ್ಪನಿಗೆ ಅದೊಂದು ಕುಂದಾಗಿ ಕಂಡಿತು. ಟೆನಿಸ್ ಚೆಂಡು ತಂದು ನೇರ ಮುಖಕ್ಕೆ ಎಸೆದು, “ಕಣ್ಣ ಮುಚ್ಚಬ್ಯಾಡ. ಮುಚ್ಚಿದ್ರ ಚೆಂಡು ಅವರದಾಗತೈತಿ” ಎನ್ನುತ್ತಿದ್ದ. ವರ್ಷವೊಪ್ಪತ್ತು ಹೀಗೆ ನಡೆದ ಮೇಲೆ ಅವಳ ರೆಪ್ಪೆ ಮಿಟುಕುವುದು ನಿಂತಿತು. ಆ ದಿನ ಮಾನಪ್ಪ ಪೇಟೆಯಿಂದ ಮಿಠಾಯಿ ತಂದು ಓಣಿಗೆಲ್ಲ ಹಂಚಿದ.

ವಿಜಯಪುರದಿಂದ ಸಂಜೀವಕುಮಾರ ಎಂಬ ಯುವ ತರಬೇತುದಾರ ಆಗಾಗ ಬರುತ್ತಿದ್ದ. ಕಲಿತವನು, ಗರ್ವವಿಲ್ಲದವನು, ಮಾನಪ್ಪನನ್ನು ಕಾಕಾ ಎನ್ನುತ್ತಿದ್ದ. ಸಾಕ್ಷಿಯ ಆಟ ನೋಡಿ ಖುಷಿಪಟ್ಟ. ಆದರೆ ಅವಳು ಬೀಳುವುದನ್ನು ನೋಡಿದ ಕೂಡಲೆ ಮಾನಪ್ಪನನ್ನು ಬದಿಗೆ ಕರೆದ.

“ಕಾಕಾ, ತಪ್ಪ ತಿಳ್ಕೋಬ್ಯಾಡ್ರಿ. ಮಾರಿ ಮುಂದ ಮಾಡಿ ಬೀಳೂದು ಕಲಿಸಬ್ಯಾಡ್ರಿ. ಮೊದಲ ಕೈ ಹೋಗಬೇಕು, ತಲಿ ತೋಳಿನ ಹಿಂದ ಇರಬೇಕು.”

“ನಾ ಹಿಂಗ ಆಡೇನಿ. ಸತ್ತೇನೇನು?”

ಸಂಜೀವಕುಮಾರ ವಾದ ಮಾಡಲಿಲ್ಲ. ಮೊಬೈಲ್ ತೆಗೆದು ಕಪ್ಪು-ಬಿಳುಪಿನ ಹಳೆಯ ಆಟವೊಂದನ್ನು ತೋರಿಸಿದ. ಅದರಲ್ಲಿ ಕರಿ ಅಂಗಿಯವನಿದ್ದ. ಜನ್ಮದಲ್ಲಿ ಮೊದಲ ಸಲ ಮಾನಪ್ಪ ಅವನು ಚಲಿಸುವುದನ್ನು ಕಂಡ. ಅವನು ಮುಂದೆ ಓಡಿ ಬಂದ, ಪಕ್ಕಕ್ಕೆ ವಾಲಿದ, ಮೊದಲು ಎರಡೂ ಕೈ ಚೆಂಡಿನ ಮೇಲೆ ಹೋದವು, ತಲೆ ತೋಳುಗಳ ಮರೆಗೆ ಸರಿಯಿತು, ಆಮೇಲೆ ಮೈ ಸುರುಳಿಯಾಯಿತು. ಪುಸ್ತಕದ ಮೇಲಿದ್ದದ್ದು ಅಂಥದೇ ಓಟದ ನಡುವಿನ ಯಾವುದೋ ಒಂದು ಚೂರು. ಅದರ ಹಿಂದೇನಾಗಿತ್ತು, ಮುಂದೇನಾಯಿತು ಎಂಬುದು ಮಾನಪ್ಪನಿಗೆ ಗೊತ್ತೇ ಇರಲಿಲ್ಲ. ಎರಡನೇ ಸಲ ನೋಡಿದ. ಆದರೂ ಮೊಬೈಲ್ ವಾಪಸು ಕೊಟ್ಟು, “ಅವರ ಹುಲ್ಲಿನ ಮೈದಾನ ಬ್ಯಾರೆ, ನಮ್ಮ ಗರಸಿನ ನೆಲ ಬ್ಯಾರೆ” ಎಂದ. ಅಷ್ಟು ವರ್ಷ ತಾನು ತಪ್ಪಾಗಿ ಬಿದ್ದಿದ್ದೆ ಎಂದು ಒಪ್ಪಿಕೊಂಡರೆ ತನ್ನಲ್ಲಿ ಉಳಿಯುವುದೇನು ಎಂದು ಅವನಿಗೆ ಅನಿಸಿರಬೇಕು. ಸಾಕ್ಷಿ ಸ್ವಲ್ಪ ದೂರದಲ್ಲಿ ಕೈಗವಸು ಬಿಚ್ಚುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಅವಳು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಬಸವನ ಬಾಗೇವಾಡಿಯಲ್ಲಿ ಜಿಲ್ಲಾ ತಂಡದ ಆಯ್ಕೆಗೆಂದು ಆಟಗಳು ನಡೆದವು. ಇಂಡಿ ತಂಡಕ್ಕೆ ಎದುರಾದದ್ದು ಮುದ್ದೇಬಿಹಾಳದ ಹುಡುಗಿಯರು. ಅವರ ಮುಂಚೂಣಿಯಲ್ಲಿ ಸಗೀರಾ ಎಂಬ ಹುಡುಗಿ. ಸಣ್ಣ ಆಳು, ಗಾಳಿ ಹಾಗೆ ಓಡುತ್ತಿದ್ದಳು. ಮಾನಪ್ಪ ಗೋಲಿನ ಪಕ್ಕದಲ್ಲಿ ಗೆರೆಯ ಆಚೆ ನಿಂತಿದ್ದ. ಅರ್ಧ ಆಟದವರೆಗೆ ಸಾಕ್ಷಿಯ ಎದುರು ಯಾರದೂ ನಡೆಯಲಿಲ್ಲ. ಅವಳು ತೇಲಿ ಬಂದದ್ದನ್ನು ಗುದ್ದಿದಳು, ದೂರ ಎಸೆದಳು, ಅಪ್ಪನ ಹಾಗೆಯೇ ಬಾಯಿ ನಿಲ್ಲಿಸದೆ ಕೂಗಿದಳು. ನೋಡುತ್ತಿದ್ದ ಹಳಬರೊಬ್ಬರು, “ಮಾನಪ್ಪಾ, ನೀನ ನಿಂತಂಗ ಕಾಣಾಕತ್ತೈತಲ್ಲೋ” ಎಂದರು. ಮಾನಪ್ಪನ ಎದೆ ತುಂಬಿತ್ತು.

ಆಗ ಸಗೀರಾ ಇಬ್ಬರ ನಡುವಿಂದ ನುಸುಳಿಕೊಂಡು ಒಬ್ಬಳೇ ಬಂದಳು. ಚೆಂಡು ಕಾಲಿನಿಂದ ತುಸು ದೂರ ಹಾರಿತು. ಸಾಕ್ಷಿ ಹೊರಟಳು, ಒಂದು ಹೆಜ್ಜೆ ತಡೆದಳು. ತಡೆದು, ಕಣ್ಣು ಹೊರಳಿಸಿ ಗೆರೆಯಾಚೆ ನಿಂತ ಅಪ್ಪನ ಕಡೆ ನೋಡಿದಳು. ಮಾನಪ್ಪ ಕೂಗಿದ: “ಬೀಳು!”

ಬಿದ್ದಳು. ಸಗೀರಾಳ ಕಾಲು ಆಗಲೇ ಬೀಸಿಯಾಗಿತ್ತು. ಬೂಟು ಮುಖಕ್ಕೆ ತಾಗಿದ ಸದ್ದು ಮೈದಾನದ ಆಚೆಗೂ ಕೇಳಿಸಿತು ಎಂದು ನೋಡಿದವರು ಹೇಳುತ್ತಾರೆ. ಚೆಂಡು ಸಾಕ್ಷಿಯ ಎದೆಯ ಕೆಳಗೆ ಇತ್ತು. ಮಾನಪ್ಪ ಓಡಿಹೋಗಿ ಹೊರಳಿಸಿದಾಗ ಎಡಗಣ್ಣು ಇದ್ದ ಜಾಗದಲ್ಲಿ ರಕ್ತ ಬಿಟ್ಟು ಬೇರೇನೂ ಕಾಣಲಿಲ್ಲ. ಬಲಗಣ್ಣು ತೆರೆದೇ ಇತ್ತು. ಅವಳು ಅಳಲಿಲ್ಲ. “ಅಪ್ಪಾ, ಚೆಂಡ ಹಿಡದೇನಲ್ಲ?” ಎಂದು ಕೇಳಿದಳು.

ವಿಜಯಪುರದಲ್ಲಿ ಒಂದು ದವಾಖಾನೆ, ಅಲ್ಲಿಂದ ಸೊಲ್ಲಾಪುರದಲ್ಲಿ ಇನ್ನೊಂದು. ಎರಡು ಆಪರೇಷನ್ ಆದ ಮೇಲೆ ಡಾಕ್ಟರು ಮಾನಪ್ಪನನ್ನು ಕೂರಿಸಿಕೊಂಡು, ಎಡಗಣ್ಣಿನ ನೋಟ ಇನ್ನು ಬರುವುದಿಲ್ಲ, ಬಲಗಣ್ಣನ್ನು ಜೋಪಾನ ಮಾಡಿ ಎಂದರು. ಮಾನಪ್ಪ ತಲೆಯಾಡಿಸಿದ. ಹೊರಗೆ ಬಂದು ಮರೆವ್ವನ ಎದುರು ನಿಂತ. ಅವನ ಮುಖ ನೋಡಿಯೇ ಮರೆವ್ವನಿಗೆ ತಿಳಿಯಿತು. ಅವಳು ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೆ ಮುಖ ಮಾಡಿ ಕುಳಿತಳು.

ಮನೆಗೆ ಬಂದ ಮೇಲಿನ ದಿನಗಳು ದವಾಖಾನೆಯ ದಿನಗಳಿಗಿಂತ ಕಠಿಣವಾಗಿದ್ದವು. ಒಂದೇ ಕಣ್ಣಿಗೆ ದೂರ-ಹತ್ತಿರ ತಿಳಿಯುವುದಿಲ್ಲ. ಸಾಕ್ಷಿ ತಂಬಿಗೆಯಿಂದ ನೀರು ಬಗ್ಗಿಸಿದರೆ ಗ್ಲಾಸಿನ ಪಕ್ಕದಲ್ಲಿ ಬೀಳುತ್ತಿತ್ತು. ಮೆಟ್ಟಿಲು ಇಳಿಯುವಾಗ ಕಾಲಿನಿಂದ ನೆಲ ತಡವುತ್ತಿದ್ದಳು. ಸೂಜಿಗೆ ದಾರ ಪೋಣಿಸಲು ಹೋಗಿ ಸೋತು ಸೂಜಿಯನ್ನೇ ಒಗೆದಳು. ಗುಬ್ಬಿಯೂ ನುಸುಳದ ಹಾಗೆ ಗೋಲು ಕಾಯುತ್ತಿದ್ದ ಕೈಗಳು ಈಗ ಬಾಗಿಲ ಚಿಲಕ ಹುಡುಕುತ್ತಿದ್ದವು. ಚೆಲ್ಲಿದ ನೀರನ್ನು ಮರೆವ್ವ ಒರೆಸುತ್ತಿದ್ದಳು. ಮಾನಪ್ಪ ಎದ್ದು ಹೊರಗೆ ಹೋಗಿಬಿಡುತ್ತಿದ್ದ.

ಒಂದು ಭಾನುವಾರ ಸಗೀರಾ ತನ್ನ ತಾಯಿಯೊಂದಿಗೆ ಮುದ್ದೇಬಿಹಾಳದಿಂದ ಬಸ್ಸು ಹಿಡಿದು ಬಂದಳು. ಹೊಸ್ತಿಲ ಹೊರಗೇ ನಿಂತು ಅಳತೊಡಗಿದಳು. “ಕಾಲು ತಡೀಬೇಕಂದೆರಿ ಕಾಕಾ, ಆಗಲಿಲ್ರಿ” ಎಂದಳು. ಮಾನಪ್ಪ, “ನಿಂದೇನೂ ತಪ್ಪಿಲ್ಲವ್ವಾ, ಒಳಗ ಬಾ” ಎಂದು ಕರೆದ. ಸಾಕ್ಷಿ ಅವಳ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂರಿಸಿಕೊಂಡಳು. ಇಬ್ಬರೂ ಬಹಳ ಹೊತ್ತು ಮಾತಾಡಿದರು. “ನೀ ಆಟ ಬಿಡಬ್ಯಾಡ” ಎಂದು ಸಾಕ್ಷಿ ಹೇಳಿದ್ದು ಮಾನಪ್ಪನ ಕಿವಿಗೆ ಬಿತ್ತು. ಆದರೆ ಸಗೀರಾ ಮತ್ತೆ ಬೂಟು ಕಟ್ಟಲಿಲ್ಲ ಎಂದು ಆಮೇಲೆ ತಿಳಿಯಿತು. ಮರು ವರ್ಷವೇ ಅವಳ ಮದುವೆಯಾಯಿತು.

ಇಂಡಿಯ ತಂಡವೂ ಉಳಿಯಲಿಲ್ಲ. ತಂದೆ-ತಾಯಿಗಳು ಒಬ್ಬೊಬ್ಬರಾಗಿ ಹುಡುಗಿಯರನ್ನು ಬಿಡಿಸಿಕೊಂಡರು. ಯಾರೂ ಮಾನಪ್ಪನೊಂದಿಗೆ ಜಗಳವಾಡಲಿಲ್ಲ. ಎದುರು ಸಿಕ್ಕರೆ, ಪರೀಕ್ಷೆ ಐತ್ರಿ, ಮನ್ಯಾಗ ಕೆಲಸ ಐತ್ರಿ ಎನ್ನುತ್ತಿದ್ದರು. ಸಂಜೀವಕುಮಾರ ನಾಲ್ಕಾರು ಸಲ ಬಂದು ಸಾಕ್ಷಿಯನ್ನು ಮಾತಾಡಿಸಿ ಹೋದ. ನಾ ಹೇಳಿದ್ದೆನಲ್ಲ ಎಂಬ ಮಾತು ಅವನ ಬಾಯಿಂದ ಒಮ್ಮೆಯೂ ಬರಲಿಲ್ಲ. ಬಂದಿದ್ದರೆ ಮಾನಪ್ಪನಿಗೆ ಸಿಟ್ಟಿಗೇಳಲಿಕ್ಕಾದರೂ ಒಂದು ದಾರಿ ಸಿಗುತ್ತಿತ್ತು. ನಿವೃತ್ತಿಯಾದ ದಿನ ಸ್ಟೇಷನ್ನಿನವರು ಹಾರ ಹಾಕಿ, ಇಲಾಖೆಗೆ ಹೆಸರು ತಂದ ಗೋಲ್‌ಕೀಪರ್ ಎಂದು ಭಾಷಣ ಮಾಡಿದರು. ಮಾನಪ್ಪ ಭಾಷಣ ಮುಗಿಯುವವರೆಗೆ ತಲೆ ತಗ್ಗಿಸಿ ಕೂತಿದ್ದ.

ಸಾಕ್ಷಿ ಒಂದು ವರ್ಷ ಮನೆಯಲ್ಲಿದ್ದು ಮತ್ತೆ ಓದು ಹಿಡಿದಳು. ವಿಜಯಪುರದಲ್ಲಿ ಬಿ.ಎ.ಗೆ ಸೀಟು ಸಿಕ್ಕಿತು, ಹಾಸ್ಟೆಲ್ಲೂ ಸಿಕ್ಕಿತು. ಅಪ್ಪ-ಮಗಳ ನಡುವೆ ಮಾತು ನಿಂತಿರಲಿಲ್ಲ. ಊಟ ಆತೇನು, ಬಸ್ಸು ಎಷ್ಟಕ್ಕ, ಔಷಧ ಹಾಕ್ಕೊಂಡಿಯೇನು. ಇಷ್ಟೇ ಮಾತು. ಬಾಗೇವಾಡಿಯ ಹೆಸರು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಕಳೆದ ಶ್ರಾವಣದಲ್ಲಿ ರಜೆಗೆ ಬಂದವಳನ್ನು ವಾಪಸು ಕಳಿಸಲು ಮಾನಪ್ಪ ಇಂಡಿ ಬಸ್‌ಸ್ಟ್ಯಾಂಡಿಗೆ ಹೋಗಿದ್ದ. ಮಧ್ಯಾಹ್ನದ ಹೊತ್ತು. ವಿಜಯಪುರದ ಬಸ್ಸು ತಡವಾಗಿತ್ತು. ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ಮಾನಪ್ಪ ಯಾವಾಗಲೂ ಅವಳ ಬಲಕ್ಕೆ, ಅವಳಿಗೆ ಕಾಣುವ ಕಡೆ ಕೂರುತ್ತಿದ್ದ. ಅವತ್ತು ಏನು ಮನಸ್ಸಾಯಿತೋ, “ಸಾಕ್ಷಿ, ನಿನಗ ನನ್ನ ಮ್ಯಾಲ ಸಿಟ್ಟೈತೇನವಾ?” ಎಂದು ಕೇಳಿಬಿಟ್ಟ.

ಅವಳು ಅವನ ಕಡೆ ತಿರುಗಿದಳು. “ಸಿಟ್ಟಿಲ್ಲಪ್ಪಾ. ಒಂದು ಮಾತು ಹೇಳ್ಲೇನು?”

“ಹೇಳು.”

“ನಂಗ ಯಾವಾಗ್ಲೂ ಅಂಜಿಕಿ ಇತ್ತು. ಬೂಟು ಮಾರಿ ಹತ್ರ ಬಂದಾಗೆಲ್ಲಾ ಓಡಿ ಹೋಗಬೇಕನಸತಿತ್ತು. ಕಣ್ಣ ಮುಚ್ಚೂದು ಬಿಟ್ಟೆ, ಅಂಜಿಕಿ ಬಿಡಲಿಲ್ಲ. ಸಂಜೀವ ಸರ್ ಹೇಳಿದ್ದು ಕೇಳಿಸ್ಕೊಂಡು, ಹಂಗ ಬೀಳಬೇಕಂತ ಒಬ್ಬಾಕಿನ ರೂಢಿ ಮಾಡತಿದ್ದೆ, ನೀ ಇಲ್ಲದಾಗ. ಅವತ್ತೂ ಹಂಗ ಬೀಳಾಕ ಹೊಂಟಿದ್ದೆ.”

“ಮತ್ತ?”

“ನೀ ಅಲ್ಲೇ ನಿಂತಿದ್ದಿಯಲ್ಲಪ್ಪಾ” ಎಂದಳು ಸಾಕ್ಷಿ.

ಬಸ್ಸು ಬಂತು. ಅವಳು ಚೀಲ ಎತ್ತಿಕೊಂಡು, ಮೊದಲ ಮೆಟ್ಟಿಲನ್ನು ಕಾಲಿನಿಂದ ತಡವಿ ನೋಡಿ ಹತ್ತಿದಳು. ಕಿಟಕಿಯಿಂದ, “ಬರ್ತೇನಪ್ಪಾ, ಬಿಸಲಾಗ ನಿಂದ್ರಬ್ಯಾಡ, ಮನಿಗಿ ಹೋಗು” ಎಂದಳು. ಅವಳ ದನಿಯಲ್ಲಿ ಕಹಿ ಇರಲಿಲ್ಲ. ಮಾನಪ್ಪ ಕೈ ಎತ್ತಿದ. ಬಸ್ಸು ಹೋಯಿತು.

ಮನೆಗೆ ಬಂದಾಗ ಮರೆವ್ವ ಸಾಲಿಯ ಕೆಲಸ ಮುಗಿಸಿ ಬಂದು ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಮಾನಪ್ಪ ಅವಳ ಎದುರು ಕುಕ್ಕರಿಸಿದ.

“ಅಕಿ ಅವತ್ತ ಅಂಜಿದ್ದಳಂತ” ಎಂದ.

ಮರೆವ್ವನ ಕೈ ನಿಲ್ಲಲಿಲ್ಲ. “ಗೊತ್ತೈತಿ.”

“ಗೊತ್ತೈತಿ ಅಂದ್ರ?”

“ಬಾಗೇವಾಡಿಗಿ ಹೋಗೋ ಹಿಂದಿನ ದಿನಾನ ನನ್ನ ಮುಂದ ಹೇಳಿದ್ಲು. ಯವ್ವಾ, ನಾ ಒಲ್ಲೆ ಅಂದಿದ್ಲು.”

“ನನ್ನ ಮುಂದ ಯಾಕ ಹೇಳಲಿಲ್ಲ ನೀ?”

“ಹೇಳಿದ್ರ ಕೇಳತಿದ್ರೇನು?”

ಮಾನಪ್ಪ ಕೇಳುತ್ತಿದ್ದೆ ಎಂದರೆ ಸುಳ್ಳಾಗುತ್ತಿತ್ತು. ಆ ದಿನಗಳ ತನ್ನನ್ನು ಅವನು ಬಲ್ಲವನಾಗಿದ್ದ. ಮರೆವ್ವ ತೊಟ್ಟು ಬಿಡಿಸುತ್ತಲೇ ಇದ್ದಳು. “ಕೇಳದಿದ್ರೂ ನಾ ಹೇಳಬೇಕಿತ್ತು” ಎಂದಳು. ಖಾರದ ಕೈಯಿಂದ ಕಣ್ಣು ಒರೆಸಿಕೊಳ್ಳಲಾರದೆ ಮುಖವನ್ನು ಹೆಗಲಿಗೆ ಉಜ್ಜಿಕೊಂಡಳು.

ಸಂಜೆಯ ಮುಂದೆ ಫೋನು ಬಂತು. ಮರೆವ್ವ ಕೈ ತೊಳೆದುಕೊಂಡು ಎತ್ತಿದಳು. “ಮುಟ್ಟಿದಿಯೇನವಾ? ಊಟ ಸಿಕ್ತೇನು? ಛಲೋ ಆತು.” ಮಾತು ಮುಗಿಯುವ ಹೊತ್ತಿಗೆ ಮಾನಪ್ಪ ಎದ್ದು ಹತ್ತಿರ ಬಂದಿದ್ದ. ಮರೆವ್ವ ಅವನ ಕಡೆ ನೋಡಿ, “ಅಪ್ಪಗ ಕೊಡ್ಲೇನು?” ಎಂದಳು. ಆಚೆಯಿಂದ ಏನೋ ಕೇಳಿ, ಹೂಂ, ಹೂಂ ಎಂದು ಫೋನು ಕೆಳಗಿಟ್ಟಳು.

“ಆಮ್ಯಾಲ ಮಾಡ್ತಾಳಂತ” ಎಂದಳು.

ಮಾನಪ್ಪ ತಲೆಯಾಡಿಸಿದ. ಕಟ್ಟೆಗೆ ಹೋಗಿ ಕೂತು, ಮೊರವನ್ನು ತನ್ನ ಕಡೆ ಎಳೆದುಕೊಂಡು, ಉಳಿದ ಮೆಣಸಿನಕಾಯಿಯ ತೊಟ್ಟು ಬಿಡಿಸತೊಡಗಿದ.